ಸೂಕ್ಷ್ಮಚೀಲಗಳೂ ಅವಸರದ ಚಿಕಿತ್ಸೆಯೂ

ಗೋಡೆಯ ಮೇಲಿನ ಹಲ್ಲಿ ತನ್ನ ಬಾಲವನ್ನು ಬೆಕ್ಕಿನ ಬಾಯಿಗೆ ಬಿಟ್ಟುಕೊಟ್ಟು ಪಾರಾಗುವುದನ್ನು ಕಾಣದ ಮಕ್ಕಳು ನಮ್ಮ ಊರುಗಳಲ್ಲಿ ಇರಲಾರರು. ಕೆಲವು ವಾರಗಳು ಕಳೆಯುವಷ್ಟರಲ್ಲಿ ಅದೇ ಹಲ್ಲಿಗೆ ಹೊಸ ಬಾಲ ಮೂಡಿರುತ್ತದೆ. ಏಡಿಯ ಮುರಿದ ಕಾಲೂ ಮರಳಿ ಬೆಳೆಯುತ್ತದೆ. ಮನುಷ್ಯನಿಗೆ ಈ ಭಾಗ್ಯ ಅಲ್ಪಸ್ವಲ್ಪ ಮಾತ್ರ ದಕ್ಕಿದೆ. ಗಾಯವಾದ ಚರ್ಮ ಕೂಡಿಕೊಳ್ಳುತ್ತದೆ. ಮುರಿದ ಎಲುಬು ಬೆಸೆದುಕೊಳ್ಳುತ್ತದೆ. ಯಕೃತ್ತಿನ ಒಂದು ಭಾಗವನ್ನು ಕತ್ತರಿಸಿ ತೆಗೆದರೂ ಉಳಿದದ್ದು ಬೆಳೆದು ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಬರುತ್ತದೆ. ಆದರೆ ಹೃದಯಾಘಾತದಲ್ಲಿ ಸತ್ತ ಸ್ನಾಯುವಿನ ಜಾಗದಲ್ಲಿ ಕಲೆಯ ಅಂಗಾಂಶವೇ ಉಳಿಯುತ್ತದೆ. ಕಡಿದ ಬೆನ್ನುಹುರಿ ಕೂಡುವುದಿಲ್ಲ. ಸವೆದ ಮೊಣಕಾಲಿನ ಮೃದ್ವಸ್ಥಿಗೆ ರಕ್ತನಾಳಗಳೇ ಇಲ್ಲವಾದ್ದರಿಂದ ಅದು ತನ್ನನ್ನು ತಾನು ಸರಿಪಡಿಸಿಕೊಳ್ಳಲಾರದು. ಈ ಕೊರತೆಯನ್ನು ತುಂಬಲು ಹೊರಟಿರುವ ವೈದ್ಯಕ್ಕೆ ಪುನರುತ್ಪಾದಕ ವೈದ್ಯವೆಂದು ಹೆಸರು. ಅದರಲ್ಲಿ ಈಚೆಗೆ ಬಹಳವಾಗಿ ಕೇಳಿಬರುತ್ತಿರುವ ಒಂದು ಸಂಗತಿಯನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿತು. ಬರೆಯಲು ಕಾರಣವೂ ಒಂದು ಉಂಟು.

ಎರಡು ವರ್ಷಗಳ ಕೆಳಗೆ, ನನ್ನ ಹತ್ತಿರ ವಿಜ್ಞಾನ ಕಲಿತು ಈಗ ಒಕ್ಕಲುತನ ಮಾಡಿಕೊಂಡಿರುವ ಶಿಷ್ಯನೊಬ್ಬ ಮನೆಗೆ ಬಂದ. ಅವನ ಕೈಯಲ್ಲಿ ನುಣುಪು ಕಾಗದದ ಬಣ್ಣದ ಪತ್ರಿಕೆಯೊಂದಿತ್ತು. "ಗುರುಗಳೇ, ಇದನ್ನೊಂಚೂರು ಓದಿ ಹೇಳ್ರಿ. ಅಪ್ಪಗ ಮೊಣಕಾಲಾಗ ಈ ಸೂಜಿ ಹಾಕಸಬೇಕಂತ ಮಾಡೇವಿ," ಎಂದ. ಅದು ನಗರವೊಂದರ ಖಾಸಗಿ ಚಿಕಿತ್ಸಾಲಯದ ಪ್ರಚಾರಪತ್ರ. ಎಕ್ಸೋಸೋಮ್ ಎಂಬ ಹೆಸರಿನ ಕಣಗಳನ್ನು ಚುಚ್ಚುಮದ್ದಾಗಿ ಕೊಡುತ್ತಾರಂತೆ. ಮೊಣಕಾಲು ನೋವು, ಕೂದಲುದುರುವಿಕೆ, ಮುಖದ ಸುಕ್ಕು, ಪಾರ್ಶ್ವವಾಯು, ಮಕ್ಕಳ ಮಾತಿನ ತೊಂದರೆ, ಎಲ್ಲಕ್ಕೂ ಅದೇ ಮದ್ದು. ಒಂದು ಸಲಕ್ಕೆ 70,000 ರೂಪಾಯಿ. ಜಾತ್ರೆಯಲ್ಲಿ ಒಂದೇ ಸೀಸೆಯ ಎಣ್ಣೆಯನ್ನು ನೂರು ರೋಗಗಳಿಗೆ ಮಾರುವವನನ್ನು ಕಂಡರೆ ನಗುವ ನಾವು, ಅದೇ ಮಾತು ನುಣುಪು ಕಾಗದದ ಮೇಲೆ ಅಚ್ಚಾಗಿ ಬಂದಾಗ ಏಕೆ ನಗುವುದಿಲ್ಲವೋ ತಿಳಿಯದು.

ಆದರೆ ನಗುವುದಕ್ಕೂ ಆಗದಂಥ ಒಂದು ತೊಡಕು ಇಲ್ಲಿದೆ. ಆ ಕಣಗಳು ಸುಳ್ಳಲ್ಲ. ಅವು ಇವೆ, ಅವುಗಳ ಕಥೆ ಆಧುನಿಕ ಜೀವವಿಜ್ಞಾನದ ಸೊಗಸಾದ ಕಥೆಗಳಲ್ಲಿ ಒಂದು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ನಿಜವಾದ ವಸ್ತುವಿನ ಹೆಸರಿನಲ್ಲಿ ನಡೆಯುವ ವ್ಯಾಪಾರವನ್ನು ಗುರುತಿಸಲು ಮೊದಲು ಆ ವಸ್ತುವನ್ನೇ ಅರಿತಿರಬೇಕಾಗುತ್ತದೆ.

ನಮ್ಮ ರಕ್ತದ ಕೆಂಪುಕಣ ಮೂಳೆಯ ಮಜ್ಜೆಯಲ್ಲಿ ಹುಟ್ಟಿ ಬೆಳೆಯುವಾಗ ಅದಕ್ಕೆ ಕಬ್ಬಿಣ ಹೇರಳವಾಗಿ ಬೇಕು. ಕಬ್ಬಿಣವನ್ನು ಹಿಡಿದು ಒಳಗೆ ಎಳೆದುಕೊಳ್ಳಲು ಅದರ ಹೊರಪೊರೆಯ ಮೇಲೆ ಗ್ರಾಹಕಗಳೆಂಬ ಪ್ರೋಟೀನುಗಳಿರುತ್ತವೆ. ಕಣ ಬಲಿತ ಮೇಲೆ ಈ ಗ್ರಾಹಕಗಳು ಕಾಣೆಯಾಗುತ್ತವೆ. ಎಲ್ಲಿಗೆ ಹೋಗುತ್ತವೆ? ಈ ಸಣ್ಣ ಪ್ರಶ್ನೆಯನ್ನು ಹಿಡಿದು ಕೆನಡಾ ದೇಶದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ರೋಸ್ ಜಾನ್‌ಸ್ಟೋನ್ ಎಂಬ ಮಹಿಳೆ ಕುರಿಯ ರಕ್ತದ ಎಳೆಯ ಕೆಂಪುಕಣಗಳನ್ನು ಪರೀಕ್ಷಿಸುತ್ತಿದ್ದರು. ಅಮೆರಿಕದ ಸೇಂಟ್ ಲೂಯಿಯಲ್ಲಿ ಫಿಲಿಪ್ ಸ್ಟಾಲ್ ಅವರ ಪ್ರಯೋಗಾಲಯದಲ್ಲಿ ಇಲಿಯ ಕಣಗಳ ಮೇಲೆ ಅದೇ ಕೆಲಸ ನಡೆದಿತ್ತು. 1983ರಲ್ಲಿ ಎರಡೂ ಕಡೆಯಿಂದ ಪ್ರಬಂಧಗಳು ಹೊರಬಂದವು. ಕೋಶವು ತನಗೆ ಬೇಡವಾದ ಗ್ರಾಹಕಗಳನ್ನು ಒಳಗೊಂದು ದೊಡ್ಡ ಚೀಲದಲ್ಲಿ ಕೂಡಿಹಾಕುತ್ತದೆ; ಆ ಚೀಲದೊಳಗೆ ನೂರಾರು ಕಿರುಚೀಲಗಳು ಮೂಡುತ್ತವೆ; ದೊಡ್ಡ ಚೀಲ ಹೊರಪೊರೆಗೆ ತಗುಲಿ ಬಾಯಿ ಬಿಟ್ಟಾಗ ಕಿರುಚೀಲಗಳೆಲ್ಲ ಹೊರಗೆ ಚೆಲ್ಲುತ್ತವೆ. ಇವಕ್ಕೆ ಜಾನ್‌ಸ್ಟೋನ್ 1987ರಲ್ಲಿ ಎಕ್ಸೋಸೋಮ್ ಎಂಬ ಹೆಸರನ್ನು ಬಳಸಿದರು.

ಇವುಗಳ ಅಳತೆ ಸುಮಾರು 30ರಿಂದ 150 ನ್ಯಾನೋಮೀಟರ್. ನೂರು ನ್ಯಾನೋಮೀಟರಿನ ಚೀಲಗಳನ್ನು ಒಂದರ ಪಕ್ಕಕ್ಕೆ ಒಂದಿಟ್ಟರೆ ತಲೆಗೂದಲೊಂದರ ದಪ್ಪಕ್ಕೆ ಸುಮಾರು 800 ಬೇಕಾಗುತ್ತವೆ. ನಮ್ಮ ಶಾಲೆಯ ಪ್ರಯೋಗಶಾಲೆಯ ಸೂಕ್ಷ್ಮದರ್ಶಕದಲ್ಲಿ ಇವನ್ನು ನೋಡುವ ಆಸೆಯನ್ನು ವಿದ್ಯಾರ್ಥಿಗಳು ಇಟ್ಟುಕೊಳ್ಳುವುದು ಬೇಡ. ಬೆಳಕಿನ ಅಲೆಯೇ ಇವುಗಳಿಗಿಂತ ಉದ್ದವಾದದ್ದು; ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು.

ಮೊದಮೊದಲು ಇವನ್ನು ಕೋಶದ ಕಸದ ಬುಟ್ಟಿಯೆಂದೇ ತಿಳಿದರು. ಬೇಡವಾದದ್ದನ್ನು ಹೊರಗೆಸೆಯುವ ಉಪಾಯ, ಅಷ್ಟೇ. ಹತ್ತು ಹದಿಮೂರು ವರ್ಷ ಹೆಚ್ಚಿನವರು ಆ ಕಡೆ ತಿರುಗಿಯೂ ನೋಡಲಿಲ್ಲ. 1996ರಲ್ಲಿ ಗ್ರಾಸಾ ರಪೋಸೋ ಮತ್ತು ಸಂಗಡಿಗರು, ರೋಗನಿರೋಧಕ ಕೋಶಗಳು ಬಿಡುವ ಇಂಥ ಚೀಲಗಳು ಇತರ ಕೋಶಗಳನ್ನು ಎಚ್ಚರಗೊಳಿಸಬಲ್ಲವೆಂದು ತೋರಿಸಿದರು. 2007ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನಿಂದ ಬಂದ ವಾರ್ತೆಯಂತೂ ಎಲ್ಲರನ್ನೂ ಬೆರಗುಗೊಳಿಸಿತು. ಹಾದಿ ವಲಾದಿ, ಯಾನ್ ಲೋಟ್ವಾಲ್ ಮೊದಲಾದವರು ಇಲಿಯ ಕೋಶಗಳು ಚೆಲ್ಲಿದ ಚೀಲಗಳನ್ನು ಮನುಷ್ಯನ ಕೋಶಗಳಿಗೆ ಸೇರಿಸಿದರು. ಸ್ವಲ್ಪ ಹೊತ್ತಿನ ಮೇಲೆ ಮನುಷ್ಯನ ಆ ಕೋಶಗಳಲ್ಲಿ ಇಲಿಯ ಪ್ರೋಟೀನುಗಳು ಕಂಡುಬಂದವು! ಚೀಲದೊಳಗೆ ಆರ್‌ಎನ್‌ಎ ಇತ್ತು, ಅಂದರೆ ಬರಹ ಇತ್ತು. ಅದನ್ನು ಪಡೆದ ಕೋಶ ಓದಿಕೊಂಡು ಅದರಂತೆ ನಡೆದಿತ್ತು. ಕಸವೆಂದು ತಿಳಿದದ್ದು ಕಾಗದದ ಚೀಲವಾಗಿತ್ತು. ಅದೂ ವಿಳಾಸ ಮುಟ್ಟುವ ಕಾಗದದ ಚೀಲ. ರಕ್ತ, ಜೊಲ್ಲು, ಮೂತ್ರ, ತಾಯಿಯ ಹಾಲು, ಹಸುವಿನ ಹಾಲು, ಎಲ್ಲೆಲ್ಲಿಯೂ ಇವು ತೇಲಾಡುತ್ತಿವೆ.

ನಾನು ಮೂವತ್ತು ವರ್ಷ ಕರಿಹಲಗೆಯ ಮೇಲೆ ಜೀವಕೋಶದ ಚಿತ್ರ ಬರೆದಿದ್ದೇನೆ. ದುಂಡನೆಯ ಪೊರೆ, ನಡುವೆ ಕೋಶಕೇಂದ್ರ, ಸುತ್ತ ಇತರ ಅಂಗಕಗಳು. ಪೊರೆಯ ಹೊರಗೆ ಏನನ್ನೂ ಬರೆದವನಲ್ಲ. ಬಾಗಿಲು ಮುಚ್ಚಿದ ಕೋಣೆಯಂತೆ ಅದನ್ನು ಕಲಿಸಿದೆ. ಪಠ್ಯಪುಸ್ತಕವೂ ಹಾಗೆಯೇ ಇತ್ತು ಎಂಬುದು ನಿಜವಾದರೂ ಈಗ ನೆನೆದರೆ ನಾಚಿಕೆಯಾಗುತ್ತದೆ.

ಇನ್ನು ಆಕರಕೋಶದ ಮಾತು. ಸ್ಟೆಮ್ ಸೆಲ್ ಎಂದು ಪತ್ರಿಕೆಗಳಲ್ಲಿ ಓದುವುದು ಇದನ್ನೇ. ತಾನೂ ಹೆಚ್ಚುತ್ತ, ಬೇರೆ ಬೇರೆ ಬಗೆಯ ಕೋಶಗಳಾಗಿಯೂ ಮಾರ್ಪಡಬಲ್ಲ ಮೂಲಕೋಶ ಅದು. ಮಜ್ಜೆಯಲ್ಲಿ ರಕ್ತವನ್ನು ಹುಟ್ಟಿಸುವ ಆಕರಕೋಶಗಳಲ್ಲದೆ, ಎಲುಬು ಮೃದ್ವಸ್ಥಿಗಳನ್ನು ಹುಟ್ಟಿಸಬಲ್ಲ ಮತ್ತೊಂದು ಬಗೆಯೂ ಇರುವುದನ್ನು ಮಾಸ್ಕೋದ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಮೊದಲಾದವರು ತೋರಿಸಿದ್ದರು. ಅಮೆರಿಕದ ಅರ್ನಾಲ್ಡ್ ಕ್ಯಾಪ್ಲಾನ್ 1991ರಲ್ಲಿ ಇವನ್ನು ಮೆಸೆಂಕೈಮಲ್ ಆಕರಕೋಶಗಳೆಂದು ಕರೆದರು. ಇವನ್ನು ಪೆಟ್ಟಾದ ಅಂಗಕ್ಕೆ ಸೇರಿಸಿದರೆ ಅಲ್ಲಿ ಬೇರೂರಿ ಹೊಸ ಅಂಗಾಂಶ ಬೆಳೆಯುವುದೆಂದು ಎಲ್ಲರೂ ನಿರೀಕ್ಷಿಸಿದರು.

ಪ್ರಯೋಗಗಳಲ್ಲಿ ಕಂಡದ್ದು ಬೇರೆ. ಪ್ರಾಣಿಗಳ ರಕ್ತನಾಳಕ್ಕೆ ಬಿಟ್ಟ ಕೋಶಗಳಲ್ಲಿ ಬಹುಪಾಲು ಶ್ವಾಸಕೋಶದ ಕಿರಿದಾದ ನಾಳಗಳಲ್ಲಿಯೇ ಸಿಕ್ಕಿಬಿದ್ದು ಕೆಲವು ದಿನಗಳಲ್ಲಿ ನಾಶವಾದವು. ಬೇರೂರಿದವು ಅತ್ಯಲ್ಪ. ಆದರೂ ದೂರದ ಅಂಗಕ್ಕೆ ಪ್ರಯೋಜನ ಮಾತ್ರ ಕಾಣುತ್ತಿತ್ತು. ಬಂದ ಅತಿಥಿ ಹೊಸ್ತಿಲಲ್ಲೇ ಹಿಂದಿರುಗಿದರೂ ಒಳಮನೆಯ ಕೆಲಸ ನಡೆದುಹೋದಂತೆ! ಕೋಶಗಳನ್ನು ಸೋಸಿ ತೆಗೆದು, ಅವು ಬೆಳೆದಿದ್ದ ದ್ರವವನ್ನಷ್ಟೇ ಕೊಟ್ಟಾಗಲೂ ಗುಣ ಕಂಡಿತು. ಹಾಗಾದರೆ ಕೆಲಸ ಮಾಡುತ್ತಿರುವುದು ಆ ದ್ರವದಲ್ಲಿರುವ ಯಾವುದೋ ವಸ್ತು. 2010ರಲ್ಲಿ ಸಿಂಗಪುರದ ಸಾಯ್ ಕಿಯಾಂಗ್ ಲಿಮ್ ಅವರ ತಂಡ, ಆಕರಕೋಶಗಳು ಬಿಡುವ ಎಕ್ಸೋಸೋಮುಗಳನ್ನು ಬೇರ್ಪಡಿಸಿ, ಹೃದಯದ ರಕ್ತಸಂಚಾರವನ್ನು ತಡೆದು ಮತ್ತೆ ಬಿಟ್ಟ ಇಲಿಗಳಿಗೆ ಕೊಟ್ಟಾಗ ಹೃದಯಕ್ಕಾಗುವ ಹಾನಿ ಕಡಿಮೆಯಾಯಿತೆಂದು ಪ್ರಕಟಿಸಿತು. ಕ್ಯಾಪ್ಲಾನ್ ಅವರೇ 2017ರಲ್ಲಿ, ತಾವು ಕೊಟ್ಟ ಹೆಸರು ತಪ್ಪು ತಿಳಿವಳಿಕೆಗೆ ದಾರಿಯಾಗಿದೆ, ಇವು ಅಂಗಾಂಶ ಕಟ್ಟುವ ಕೋಶಗಳಲ್ಲ, ಔಷಧೀಯ ಸಂಜ್ಞೆಗಳನ್ನು ಬಿಡುವ ಕೋಶಗಳು, ಹೆಸರನ್ನು ಬದಲಿಸೋಣ ಎಂದು ಬರೆದರು. ತಾನಿಟ್ಟ ಹೆಸರನ್ನು ತಾನೇ ಹಿಂದಕ್ಕೆ ಪಡೆಯುವ ಈ ಧೈರ್ಯ ವಿದ್ವಾಂಸರಲ್ಲಿ ಅಪರೂಪವಾದದ್ದು.

ಕೋಶದ ಬದಲು ಚೀಲವನ್ನೇ ಕೊಡುವುದರಲ್ಲಿ ಅನುಕೂಲಗಳೂ ಇವೆ. ಚೀಲ ಜೀವಂತ ಕೋಶವಲ್ಲವಾದ್ದರಿಂದ ದೇಹದಲ್ಲಿ ಹೆಚ್ಚಿ ಗಂತಿಯಾಗಿ ಬೆಳೆಯುವ ಭಯವಿಲ್ಲ. ಬಹು ಚಿಕ್ಕದಾದ್ದರಿಂದ ಬ್ಯಾಕ್ಟೀರಿಯಾಗಳನ್ನು ತಡೆಯುವ ಶೋಧಕದ ಮೂಲಕ ಸೋಸಬಹುದು. ಶೀತದಲ್ಲಿ ಕಾಪಿಡುವುದೂ ಸುಲಭ. ಇವೆಲ್ಲ ವಿಜ್ಞಾನಿಗಳು ಉತ್ಸಾಹಪಡಲು ಸಾಕಾದ ಕಾರಣಗಳೇ.

ಇಲ್ಲಿಯವರೆಗಿನದು ಸಂತೋಷದ ಕಥೆ. ಇಲ್ಲಿಂದ ಮುಂದೆ ನನ್ನ ಆತಂಕ.

ಇಲಿಯಲ್ಲಿ ಕಂಡ ಗುಣ ಮನುಷ್ಯನ ಮದ್ದಾಗಲು ಏನೇನು ಆಗಬೇಕು? ಮದ್ದೆಂದರೆ ಅದರಲ್ಲಿ ಏನಿದೆ, ಎಷ್ಟಿದೆ ಎಂಬುದು ಗೊತ್ತಿರಬೇಕು. ಎಕ್ಸೋಸೋಮಿನ ವಿಷಯದಲ್ಲಿ ಈ ಮೊದಲ ಮೆಟ್ಟಿಲೇ ಕಷ್ಟದ್ದು. ಕೋಶಗಳನ್ನು ಬೆಳೆಸಿದ ದ್ರವವನ್ನು ಗುರುತ್ವದ ಲಕ್ಷಪಟ್ಟು ಬಲದಲ್ಲಿ ತಿರುಗಿಸಿ ಚೀಲಗಳನ್ನು ತಳಕ್ಕಿಳಿಸುವುದು ಹಳೆಯ ಕ್ರಮ. ಡೇರಿಯಲ್ಲಿ ಹಾಲಿನಿಂದ ಕೆನೆ ತೆಗೆಯುವ ಯಂತ್ರದ ತತ್ತ್ವವೇ, ವೇಗ ಮಾತ್ರ ಊಹೆಗೂ ಮೀರಿದ್ದು. ಹಾಗೆ ಇಳಿದದ್ದರಲ್ಲಿ ಎಕ್ಸೋಸೋಮುಗಳ ಜೊತೆಗೆ ಬೇರೆ ಬಗೆಯ ಚೀಲಗಳೂ ಪ್ರೋಟೀನಿನ ಮುದ್ದೆಗಳೂ ಬೆರೆತಿರುತ್ತವೆ. ದಾನಿ ಬದಲಾದರೆ ಚೀಲದೊಳಗಿನ ಸಾಮಗ್ರಿ ಬದಲಾಗುತ್ತದೆ. ಅದೇ ದಾನಿಯ ಕೋಶಗಳನ್ನು ಹೆಚ್ಚು ಸಲ ಬೆಳೆಸಿದರೂ ಬದಲಾಗುತ್ತದೆ. ಕೋಶಗಳನ್ನು ಬೆಳೆಸಲು ಬಹಳ ಕಡೆ ಗರ್ಭಸ್ಥ ಕರುವಿನ ರಕ್ತದ ಸೀರಮ್ ಬಳಸುವುದುಂಟು. ಅದರಲ್ಲಿ ದನದ ಎಕ್ಸೋಸೋಮುಗಳೇ ತುಂಬಿರುತ್ತವೆ. ಅವನ್ನು ಮೊದಲೇ ತೆಗೆಯದಿದ್ದರೆ ಅವೂ ಮದ್ದಿನೊಳಗೆ ಬರುತ್ತವೆ. (ಆ ಪ್ರಚಾರಪತ್ರದಲ್ಲಿ "ಸಂಪೂರ್ಣ ನೈಸರ್ಗಿಕ" ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಯಾವ ದ್ರವದಲ್ಲಿ ಬೆಳೆಸಿದ್ದೆಂಬ ಮಾತಿರಲಿಲ್ಲ. ಶಾಕಾಹಾರಿಗಳಾದ ನಮ್ಮ ಜನ ಗುಳಿಗೆಯ ಹೊದಿಕೆಯನ್ನು ಕುರಿತು ಕೇಳುವಷ್ಟನ್ನಾದರೂ ಇದನ್ನು ಕುರಿತು ಕೇಳಬಹುದು.) ಈ ಗೊಂದಲವನ್ನು ಕಂಡೇ ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘವು 2014, 2018 ಮತ್ತು 2023ರಲ್ಲಿ, ಇಂಥ ಚೀಲಗಳನ್ನು ಕುರಿತು ಬರೆಯುವವರು ಕನಿಷ್ಠ ಏನೇನನ್ನು ತೋರಿಸಬೇಕೆಂಬ ಸೂಚನೆಗಳನ್ನು ಹೊರಡಿಸಿತು. ತಜ್ಞರೇ ಮೂರು ಸಲ ಕುಳಿತು ಅಳತೆಗೋಲನ್ನು ತಿದ್ದುತ್ತಿರುವ ವಸ್ತುವನ್ನು ಅಂಗಡಿಯಲ್ಲಿ ತೂಗಿ ಮಾರುವುದು ಹೇಗೆ ಸಾಧ್ಯ?

ಮೈಯೊಳಗೆ ಹೋದ ಮೇಲಿನ ಪ್ರಶ್ನೆಗಳು ಬೇರೆ. ಪ್ರಾಣಿಗಳ ರಕ್ತಕ್ಕೆ ಬಿಟ್ಟ ಚೀಲಗಳಲ್ಲಿ ಬಹುಪಾಲು ಬೇಗನೆ ಯಕೃತ್ತು ಮತ್ತು ಗುಲ್ಮಗಳಿಗೆ ಸೇರಿಬಿಡುತ್ತವೆ. ಬೇಕಾದ ಜಾಗಕ್ಕೆ ಎಷ್ಟು ಮುಟ್ಟುತ್ತವೆ? ಎಷ್ಟು ಮುಟ್ಟಿದರೆ ಸಾಕು? ಸಂದೇಶ ಒಯ್ಯುವುದೆಲ್ಲ ಶುಭ ಸಂದೇಶವನ್ನೇ ಒಯ್ಯುತ್ತದೆಂಬ ನಿಯಮವೂ ಇಲ್ಲ. ಕ್ಯಾನ್ಸರಿನ ಕೋಶಗಳೂ ಎಕ್ಸೋಸೋಮುಗಳನ್ನು ಬಿಡುತ್ತವೆ. ರೋಗ ದೂರದ ಅಂಗಗಳಿಗೆ ಹಬ್ಬುವುದಕ್ಕೆ ಅವು ನೆಲ ಹದಮಾಡಿಕೊಡುತ್ತವೆಂದು ಸಂಶೋಧನೆಗಳು ತೋರಿಸಿವೆ.

ಮನುಷ್ಯರಲ್ಲಿ ಎಚ್ಚರದಿಂದ ನಡೆದ ಪ್ರಯತ್ನಗಳು ಇಲ್ಲವೆಂದಲ್ಲ. ಜರ್ಮನಿಯ ಎಸ್ಸೆನ್ ನಗರದ ವೈದ್ಯರು, ಮಜ್ಜೆ ಕಸಿಯಾದ ಮೇಲೆ ದಾನಿಯ ಕೋಶಗಳೇ ದೇಹದ ಮೇಲೆ ತಿರುಗಿಬಿದ್ದು, ಬೇರಾವ ಮದ್ದಿಗೂ ಬಗ್ಗದ ಸ್ಥಿತಿಯಲ್ಲಿದ್ದ ಒಬ್ಬ ರೋಗಿಗೆ ಎಕ್ಸೋಸೋಮುಗಳನ್ನು ಕೊಟ್ಟು, ಲಕ್ಷಣಗಳು ಇಳಿದುದನ್ನು 2014ರಲ್ಲಿ ವರದಿ ಮಾಡಿದರು. ಒಬ್ಬ ರೋಗಿ. ಅವರು ಅದನ್ನು ಒಬ್ಬ ರೋಗಿಯ ವರದಿಯೆಂದೇ ಬರೆದರು. ಮದ್ದು ಸಿಕ್ಕಿತೆಂದು ಡಂಗುರ ಹೊಡೆಯಲಿಲ್ಲ. ಇದಕ್ಕೆ ಎದುರಾಗಿ ಅಮೆರಿಕದ ನೆಬ್ರಾಸ್ಕಾ ಪ್ರಾಂತದಲ್ಲಿ, ಎಕ್ಸೋಸೋಮ್ ಎಂಬ ಹೆಸರಿನಲ್ಲಿ ಮಾರಾಟವಾದ, ಅನುಮತಿಯಿಲ್ಲದ ಪದಾರ್ಥಗಳನ್ನು ಚುಚ್ಚಿಸಿಕೊಂಡವರಲ್ಲಿ ಗಂಭೀರ ದುಷ್ಪರಿಣಾಮಗಳು ಕಂಡವು. ಅಲ್ಲಿಯ ಔಷಧ ನಿಯಂತ್ರಣ ಸಂಸ್ಥೆ 2019ರ ಡಿಸೆಂಬರಿನಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟು, ತಾನು ಅನುಮೋದಿಸಿದ ಎಕ್ಸೋಸೋಮ್ ಮದ್ದು ಒಂದೂ ಇಲ್ಲವೆಂದು ಸ್ಪಷ್ಟಪಡಿಸಿತು.

ನಮ್ಮ ದೇಶದಲ್ಲಿಯೂ ನಿಯಮಗಳಿಲ್ಲವೆಂದು ತಿಳಿಯಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2017ರಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆಯೊಡನೆ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಅನುಮತಿ ಪಡೆದ ಪ್ರಯೋಗದ ಹೊರಗೆ ರೋಗಿಗಳಿಗೆ ಆಕರಕೋಶ ಕೊಡುವುದು ಅನೈತಿಕ, ವೈದ್ಯವೃತ್ತಿಯ ದುರಾಚಾರ. ಮದ್ದಿನ ಪ್ರಯೋಗವನ್ನು ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸುವುದು 2009ರ ಜೂನ್ ತಿಂಗಳಿಂದ ಕಡ್ಡಾಯ. ಈ ಹಾದಿಯಲ್ಲಿ ನಡೆದು ಗುರಿ ಮುಟ್ಟಿದ ಉದಾಹರಣೆ ನಮ್ಮ ರಾಜಧಾನಿಯಲ್ಲಿಯೇ ಇದೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ದಾನಿಗಳ ಮಜ್ಜೆಯ ಆಕರಕೋಶಗಳಿಂದ ತಯಾರಿಸಿದ ಮದ್ದಿಗೆ, ಹೊಗೆಬತ್ತಿ ಸೇದುವವರ ಕೈಕಾಲುಗಳ ರಕ್ತನಾಳ ಕಟ್ಟಿ ಬೆರಳು ಕೊಳೆಯುವ ಬರ್ಜರ್ ರೋಗಕ್ಕಾಗಿ, 2016ರಲ್ಲಿ ಸೀಮಿತ ಅನುಮತಿ ದೊರೆಯಿತು. ಅದು ಎಕ್ಸೋಸೋಮ್ ಅಲ್ಲ, ಕೋಶವೇ. ಆದರೆ ನಾನು ತೋರಿಸಬೇಕೆಂದಿರುವುದು ಹಾದಿಯನ್ನು: ರೋಗಿಗಳ ಮೇಲೆ ಹಂತಹಂತವಾದ ಪ್ರಯೋಗ, ವರ್ಷಗಳ ಕಾಲ, ಕೊನೆಗೆ ಒಂದು ರೋಗಕ್ಕೆ ಒಂದು ಅನುಮತಿ. ನೂರು ರೋಗಕ್ಕಲ್ಲ.

ಇಷ್ಟನ್ನೂ ನನ್ನ ಶಿಷ್ಯನಿಗೆ ತಿಳಿಯುವಂತೆ ಹೇಳಿದೆ. ಅವನು ತಲೆ ಬಗ್ಗಿಸಿ ಕೇಳಿದ. ಕೊನೆಗೆ, "ಖರೆ ಅದರಿ ಗುರುಗಳೇ. ಆದರ ನಿಮ್ಮ ವಿಜ್ಞಾನ ಮುಗಿಯೂಮಟ ಅಪ್ಪ ಇರತಾನೇನ್ರಿ?" ಎಂದ.

ಈ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಈಗಲೂ ಪೂರ್ಣವಾದ ಉತ್ತರವಿಲ್ಲ. ನೋವಿನಲ್ಲಿರುವವನಿಗೆ ತಾಳ್ಮೆಯನ್ನು ಬೋಧಿಸುವುದು ನೋವಿಲ್ಲದವನಿಗೆ ಬಹಳ ಸುಲಭ. ಸಾಯುವ ಸ್ಥಿತಿಯಲ್ಲಿರುವವನು ಇನ್ನೂ ಪರೀಕ್ಷೆಯಲ್ಲಿರುವ ಮದ್ದನ್ನು ಬಯಸಿದರೆ ಅವನನ್ನು ತಡೆಯಲು ನನಗೆ ಮನಸ್ಸು ಬಾರದು. ಎಸ್ಸೆನ್ನಿನ ರೋಗಿ ಅಂಥವನೇ. ಆದರೆ ಅವನಿಗೂ ನಮ್ಮವರಿಗೂ ಇರುವ ಭೇದ ಗಮನಿಸತಕ್ಕದ್ದು. ಅವನಿಗೆ ಕೊಟ್ಟದ್ದೇನು, ಆದದ್ದೇನು ಎಂಬುದು ಬರಹದಲ್ಲಿ ಉಳಿದು ಜಗತ್ತಿನ ವೈದ್ಯರೆಲ್ಲರ ಕೈಗೆ ಸಿಕ್ಕಿತು. ಹಣ ತೆತ್ತು ಚಿಕಿತ್ಸಾಲಯದಲ್ಲಿ ಚುಚ್ಚಿಸಿಕೊಂಡವನ ಅನುಭವ ಎಲ್ಲಿಯೂ ದಾಖಲಾಗುವುದಿಲ್ಲ. ಗುಣವಾದರೆ ಅದು ಜಾಹೀರಾತಾಗುತ್ತದೆ, ಆಗದಿದ್ದರೆ ಯಾರೂ ಅದರ ಮಾತೆತ್ತುವುದಿಲ್ಲ. ಹೀಗೆ ಸಾವಿರ ಜನಕ್ಕೆ ಕೊಟ್ಟರೂ ಸಾವಿರದೊಂದನೆಯವನಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಅವಸರದ ಚಿಕಿತ್ಸೆಯ ಮೇಲೆ ನನ್ನ ಮುಖ್ಯ ಆಕ್ಷೇಪ ಇದೇ. ಅದು ರೋಗಿಯ ಹಣವನ್ನಷ್ಟೇ ತೆಗೆದುಕೊಂಡು ಹೋಗುವುದಿಲ್ಲ, ಮುಂದಿನ ರೋಗಿಗೆ ಸಲ್ಲಬೇಕಾಗಿದ್ದ ತಿಳಿವಳಿಕೆಯನ್ನೂ ತೆಗೆದುಕೊಂಡು ಹೋಗುತ್ತದೆ. ವಿಜ್ಞಾನ ಬೇಗ ಮುಗಿಯಬೇಕೆಂದು ಕೇಳುವವರೇ ಅದು ಎಂದಿಗೂ ಮುಗಿಯದಂತೆ ಮಾಡುವ ಈ ವ್ಯಾಪಾರಕ್ಕೆ ಹಣ ಕೊಡುತ್ತಿದ್ದಾರೆ.

ನಿಜವಾದ ಪ್ರಯೋಗದಲ್ಲಿ ಭಾಗವಹಿಸುವ ರೋಗಿ ಆ ಮದ್ದಿಗೆ ಬೆಲೆ ತೆರಬೇಕಾಗಿಲ್ಲ. ಪ್ರಯೋಗದಿಂದ ಹಾನಿಯಾದರೆ ನಡೆಸುವವರು ಪರಿಹಾರ ಕೊಡಬೇಕೆಂಬ ಕಾನೂನೂ ಉಂಟು. ಆದ್ದರಿಂದ, ಇದು ಪ್ರಯೋಗವೋ ಚಿಕಿತ್ಸೆಯೋ ಎಂದು ಕೇಳಿ, ಪ್ರಯೋಗವಾದರೆ ಅದರ ನೋಂದಣಿ ಸಂಖ್ಯೆಯನ್ನೂ, ಚಿಕಿತ್ಸೆಯಾದರೆ ಔಷಧ ನಿಯಂತ್ರಕರ ಅನುಮತಿಯನ್ನೂ ತೋರಿಸಿರೆಂದು ಕೇಳುವುದು ಅವಿನಯವೇನೂ ಅಲ್ಲ. ನಮ್ಮ ಜನ ವೈದ್ಯರ ಮುಂದೆ ಬಾಯಿ ತೆರೆಯಲು ಅಂಜುತ್ತಾರೆ. ಬಿತ್ತನೆ ಬೀಜದ ಚೀಲದ ಮೇಲಿನ ಚೀಟಿಯನ್ನು ತಿರುವಿ ತಿರುವಿ ಓದುವ ರೈತ, ತನ್ನ ತಂದೆಯ ಕೀಲಿಗೆ ಹೋಗುವ ಸೀಸೆಯ ಚೀಟಿಯನ್ನು ಓದಲು ಸಂಕೋಚಪಡುತ್ತಾನೆ. ಈ ಸಂಕೋಚವನ್ನು ಬಿಡಿಸುವುದು ಶಾಲೆಗಳ ಕೆಲಸ. ಕೋಶದ ಭಾಗಗಳನ್ನು ಹೆಸರಿಸಿ ಎಂಬ ಪ್ರಶ್ನೆಗೆ ಅಂಕ ಕೊಡುವ ನಾವು, ಇಂಥ ಪ್ರಚಾರಪತ್ರವೊಂದನ್ನು ಕೊಟ್ಟು ಇದರಲ್ಲಿ ಸಿದ್ಧವಾದದ್ದೆಷ್ಟು, ಆಸೆ ಎಷ್ಟು ಎಂದು ಬಿಡಿಸಿ ಬರೆಯಿರಿ ಎಂಬ ಪ್ರಶ್ನೆಯನ್ನು ಒಮ್ಮೆಯೂ ಕೇಳಿಲ್ಲ.

ಶಿಷ್ಯನ ಮನೆಯವರು ನನ್ನ ಮಾತನ್ನು ಮೀರಿ ಒಂದು ಚುಚ್ಚುಮದ್ದು ಹಾಕಿಸಿದರು. ನಾನು ಬೇಸರಪಡಲಿಲ್ಲ, ತಂದೆಯ ನೋವನ್ನು ನೋಡುತ್ತಿದ್ದವರು ಅವರು, ನಾನಲ್ಲ. ಮೂರು ವಾರ ನೋವು ತಗ್ಗಿದಂತಿತ್ತಂತೆ. ಮೊಣಕಾಲಿನ ನೋವಿಗೆ ಬರಿಯ ಉಪ್ಪುನೀರನ್ನು ಚುಚ್ಚಿದರೂ ಅನೇಕರಿಗೆ ಕೆಲಕಾಲ ಆರಾಮ ಕಾಣುತ್ತದೆಂಬುದು ಪ್ರಯೋಗಗಳಿಂದ ಚೆನ್ನಾಗಿ ತಿಳಿದಿರುವ ಸಂಗತಿ. ಆದ್ದರಿಂದ ಆ ಮೂರು ವಾರ ಕಣದ ಗುಣವೋ, ಭರವಸೆಯ ಗುಣವೋ ಹೇಳಬಲ್ಲವರಿಲ್ಲ. ನಾಲ್ಕನೆಯ ವಾರ ನೋವು ಮರಳಿತು. ಚಿಕಿತ್ಸಾಲಯದವರು ಎರಡನೆಯ ಚುಚ್ಚುಮದ್ದಿಗೆ ಬರಹೇಳಿದರು. ಆಗ ಅವನು ರಸೀದಿ ತಂದು ನನ್ನ ಮುಂದೆ ಹಿಡಿದ. ಅದರಲ್ಲಿ ಮದ್ದಿನ ಹೆಸರಿರಲಿಲ್ಲ, ತಯಾರಿಸಿದವರ ಹೆಸರಿರಲಿಲ್ಲ, ತಂಡದ ಸಂಖ್ಯೆ ಇರಲಿಲ್ಲ. "ಕಾರ್ಯವಿಧಾನದ ಶುಲ್ಕ" ಎಂದು ಮಾತ್ರ ಇತ್ತು. ಇದನ್ನು ಕೇಳಿ ಬಾ ಎಂದು ಕಳಿಸಿದೆ. ಕೇಳಿದ, ಎರಡು ಸಲ ಹೋಗಿ ಕೇಳಿದ. ಉತ್ತರ ಬರಲಿಲ್ಲ.

ಎರಡನೆಯ ಚುಚ್ಚುಮದ್ದಿಗೆ ಅವರು ಹೋಗಲಿಲ್ಲ. ಜಿಲ್ಲಾ ಆಸ್ಪತ್ರೆಯ ಎಲುಬು ತಜ್ಞರು ನೋಡಿ, ತೊಡೆಯ ಸ್ನಾಯು ಬಲಗೊಳ್ಳುವ ವ್ಯಾಯಾಮಗಳನ್ನು ಹೇಳಿಕೊಟ್ಟಿದ್ದಾರೆ; ಕೀಲು ಬದಲಿಸುವ ಶಸ್ತ್ರಕ್ರಿಯೆಯ ಮಾತನ್ನು ಸುಗ್ಗಿಯ ನಂತರಕ್ಕೆ ಇಟ್ಟಿದ್ದಾರೆ. ಹಿರಿಯರು ಈಗ ಕೋಲು ಹಿಡಿದು ಹೊಲದ ಬದುವಿನವರೆಗೆ ನಡೆಯುತ್ತಾರೆ. ರಸೀದಿಯ ಒಂದು ಪ್ರತಿ ನನ್ನ ಬಳಿ ಇದೆ. ಹತ್ತನೆಯ ತರಗತಿಯ ಮಕ್ಕಳಿಗೆ ತೋರಿಸಲು ಬರಬಹುದೆಂದು ಇಟ್ಟುಕೊಂಡಿದ್ದೇನೆ.